ದಂಪತಿಗಳಿಗೊಂದು ಕೆರಿಬಿಯನ್ ದ್ವೀಪ: ಆರಿಸುವುದು ಹೇಗೆ?

ಗಂಡ ಹೆಂಡತಿ ಇಬ್ಬರೇ ಒಂದು ವಾರ ಕಡಲತೀರದಲ್ಲಿ ಕಳೆಯಲು ಕೆರಿಬಿಯನ್‌ನ ಯಾವ ದ್ವೀಪ ಒಳ್ಳೆಯದು ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಕೇಳುವವರಲ್ಲಿ ಎರಡು ಗುಂಪುಗಳಿವೆ. ಒಂದು, ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರದು. ಅವರಿಗೆ ಈ ದ್ವೀಪಗಳು ಕೆಲವೇ ಗಂಟೆಗಳ ವಿಮಾನಯಾನದಷ್ಟು ಹತ್ತಿರ. ಇನ್ನೊಂದು, ಕರ್ನಾಟಕದಿಂದಲೇ ಹೊರಟು ಮಧುಚಂದ್ರಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಅಷ್ಟು ದೂರ ಹೋಗಬಯಸುವವರದು. ಎರಡೂ ಗುಂಪಿನವರು ಮಾಡುವ ತಪ್ಪು ಒಂದೇ. ಚಿತ್ರ ನೋಡಿ ದ್ವೀಪವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ವೀಸಾ, ಹವಾಮಾನ, ವಿಮಾನ, ದುಡ್ಡು ಎಲ್ಲವನ್ನೂ ಅದಕ್ಕೆ ಹೊಂದಿಸಲು ಹೆಣಗುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಪಾಸ್‌ಪೋರ್ಟು, ತಿಂಗಳು, ತೀರದ ದಿಕ್ಕು ಈ ಮೂರನ್ನು ಮೊದಲು ಇತ್ಯರ್ಥ ಮಾಡಿಕೊಂಡರೆ ಪಟ್ಟಿಯಲ್ಲಿ ಉಳಿಯುವುದು ಮೂರೋ ನಾಲ್ಕೋ ಹೆಸರು. ಅವುಗಳಲ್ಲಿ ಒಂದನ್ನು ಆರಿಸುವುದು ಕಷ್ಟವಲ್ಲ.

ಆರಂಭಿಸುವ ಮುನ್ನ ಮೂರು ಸಂಗತಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಇಬ್ಬರ ಪಾಸ್‌ಪೋರ್ಟುಗಳಿಗೂ ಪ್ರವಾಸ ಮುಗಿಯುವ ದಿನದಿಂದ ಮುಂದೆ ಆರು ತಿಂಗಳಾದರೂ ಅವಧಿ ಇರಲಿ. ರಜೆಗೆ ಒಂದೇ ದಿನಾಂಕವನ್ನು ಹಿಡಿದು ಕೂರದೆ, ಬೇರೆ ಬೇರೆ ತಿಂಗಳುಗಳಲ್ಲಿ ಎರಡು ಆಯ್ಕೆಗಳನ್ನು ಇಟ್ಟುಕೊಳ್ಳಿ. ಮೂರನೆಯದಾಗಿ, ದಿನವಿಡೀ ಏನು ಮಾಡಲು ಇಷ್ಟ, ಏನು ಕಷ್ಟ ಎಂಬುದನ್ನು ಇಬ್ಬರೂ ಬೇರೆ ಬೇರೆ ಕುಳಿತು ಬರೆದಿಡಿ. ಒಟ್ಟಿಗೆ ಕುಳಿತರೆ ಒಬ್ಬರು ಇನ್ನೊಬ್ಬರಿಗಾಗಿ ತಮ್ಮ ಇಷ್ಟವನ್ನು ನುಂಗಿಕೊಳ್ಳುತ್ತಾರೆ. ಅದು ಬೆಳಕಿಗೆ ಬರುವುದು ಪ್ರವಾಸದ ಮೂರನೆಯ ದಿನ.

ಹಂತ 1: ಪಾಸ್‌ಪೋರ್ಟು ಮತ್ತು ವೀಸಾ

ಕೆರಿಬಿಯನ್ ಒಂದು ದೇಶವಲ್ಲ. ಸ್ವತಂತ್ರ ದೇಶಗಳು, ಬ್ರಿಟನ್ನಿನ ಅಧೀನ ಪ್ರದೇಶಗಳು, ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ ದ್ವೀಪಗಳು, ಫ್ರಾನ್ಸಿನ ಭಾಗಗಳು, ಅಮೆರಿಕದ ಪ್ರಾಂತಗಳು ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಪ್ರತಿಯೊಂದರ ಪ್ರವೇಶ ನಿಯಮವೂ ಬೇರೆ.

ಭಾರತೀಯ ಪಾಸ್‌ಪೋರ್ಟು ಮಾತ್ರ ಇದ್ದರೂ ಪ್ರವಾಸಿಗಳಾಗಿ ವೀಸಾ ಇಲ್ಲದೆ ಹೋಗಬಹುದಾದ ದೇಶಗಳಲ್ಲಿ ಬಾರ್ಬಡೋಸ್, ಗ್ರೆನಡಾ, ಜಮೈಕಾ, ಟ್ರಿನಿಡಾಡ್ ಮತ್ತು ಟೊಬೇಗೊ, ಡೊಮಿನಿಕಾ, ಸೇಂಟ್ ವಿನ್ಸೆಂಟ್ ಮುಖ್ಯವಾದವು. ಸೇಂಟ್ ಲೂಸಿಯಾದಲ್ಲಿ ಇಳಿದ ಮೇಲೆ ವೀಸಾ ಪಡೆಯಬಹುದು. ಅರೂಬಾ, ಕ್ಯುರಸಾವ್, ಬೊನೇರ್ ಈ ಡಚ್ ದ್ವೀಪಗಳಿಗೆ ಭಾರತೀಯರಿಗೆ ವೀಸಾ ಬೇಕು; ಆದರೆ ಅಮೆರಿಕದ ಚಾಲ್ತಿಯಲ್ಲಿರುವ, ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಇರುವವರಿಗೆ ವಿನಾಯಿತಿ ಇದೆ. ಡೊಮಿನಿಕನ್ ರಿಪಬ್ಲಿಕ್ ಕೂಡ ಅಮೆರಿಕದ ಚಾಲ್ತಿ ವೀಸಾವನ್ನು ಒಪ್ಪಿಕೊಳ್ಳುತ್ತದೆ. ಫ್ರಾನ್ಸಿಗೆ ಸೇರಿದ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ಯುರೋಪಿಯನ್ ಒಕ್ಕೂಟದ ಭಾಗಗಳೇ ಆದರೂ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿವೆ. ಯುರೋಪ್ ಪ್ರವಾಸಕ್ಕೆಂದು ಪಡೆದ ಸಾಮಾನ್ಯ ಷೆಂಗೆನ್ ವೀಸಾ ಅಲ್ಲಿಗೂ ಸಲ್ಲುತ್ತದೆ ಎಂದುಕೊಂಡು ಹೊರಟರೆ ವಿಮಾನ ಹತ್ತುವ ಮೊದಲೇ ತಡೆಯಬಹುದು. ಈ ನಿಯಮಗಳು ಆಗಾಗ ಬದಲಾಗುವುದರಿಂದ, ಟಿಕೆಟ್ಟಿಗೆ ದುಡ್ಡು ಕಟ್ಟುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಇನ್ನೊಮ್ಮೆ ಪರಿಶೀಲಿಸಿ.

ಹೆಸರುಗಳ ಗೊಂದಲ ಇಲ್ಲೇ ಶುರುವಾಗುತ್ತದೆ. ಡೊಮಿನಿಕಾ ಮತ್ತು ಡೊಮಿನಿಕನ್ ರಿಪಬ್ಲಿಕ್ ಎರಡು ಬೇರೆ ದೇಶಗಳು. ಮೊದಲನೆಯದು ಮಳೆಕಾಡು ತುಂಬಿದ ಪುಟ್ಟ ಜ್ವಾಲಾಮುಖಿ ದ್ವೀಪ. ಎರಡನೆಯದು ಪುಂಟಾ ಕಾನಾ ಎಂಬ ಪ್ರಸಿದ್ಧ ಬೀಚ್ ಪಟ್ಟಣವಿರುವ ದೊಡ್ಡ ದೇಶ. ಒಂದಕ್ಕೆ ಟಿಕೆಟ್ಟು, ಇನ್ನೊಂದಕ್ಕೆ ಹೋಟೆಲು ಕಾಯ್ದಿರಿಸುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ.

*ಅಮೆರಿಕದಲ್ಲಿರುವವರಿಗೆ.* ಇದನ್ನು ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ಎಡವಿದರೆ ಹಾಳಾಗುವುದು ರಜೆಯೊಂದೇ ಅಲ್ಲ, ಉದ್ಯೋಗಕ್ಕೂ ಕುತ್ತು ಬರಬಹುದು. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿರುವ ಅನೇಕರ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ, ಆದರೆ ಐ-94 ಚಾಲ್ತಿಯಲ್ಲಿರುತ್ತದೆ. ಐ-94 ಎಂದರೆ ದೇಶದೊಳಗೆ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಹೇಳುವ ಪ್ರವೇಶ ದಾಖಲೆ. ಮುದ್ರೆ ಮುಗಿದವರು 30 ದಿನದೊಳಗಿನ ಚಿಕ್ಕ ಪ್ರವಾಸ ಮಾಡಿ, ಹೊಸ ಮುದ್ರೆಯಿಲ್ಲದೆ ಹಿಂತಿರುಗಲು ಅವಕಾಶ ಕೊಡುವ ನಿಯಮವೊಂದಿದೆ. ಅದನ್ನು ಸ್ವಯಂ ಮರುಮಾನ್ಯತೆ ಎನ್ನಬಹುದು. ಗೆಳೆಯರು ಕೆನಡಾಕ್ಕೆ ಹೀಗೆ ಹೋಗಿ ಬಂದದ್ದನ್ನು ಕೇಳಿ ಕೆರಿಬಿಯನ್ನಿಗೂ ಅದು ಅನ್ವಯಿಸುತ್ತದೆ ಎಂದು ಭಾವಿಸಬೇಡಿ. ಎಚ್-1ಬಿಯವರಿಗೆ ಮತ್ತು ಎಚ್-4ರವರಿಗೆ, ಅಂದರೆ ಅವರ ಗಂಡ ಅಥವಾ ಹೆಂಡತಿಗೆ, ಆ ಸೌಲಭ್ಯ ಇರುವುದು ಕೆನಡಾ ಮತ್ತು ಮೆಕ್ಸಿಕೊ ಪ್ರವಾಸಕ್ಕೆ ಮಾತ್ರ. ಕ್ಯೂಬಾ ಬಿಟ್ಟು ಉಳಿದ ಕೆರಿಬಿಯನ್ ದ್ವೀಪಗಳಿಗೆ ಅದು ವಿಸ್ತರಿಸುವುದು ಎಫ್ ಮತ್ತು ಜೆ ವೀಸಾದವರಿಗೆ, ಅಂದರೆ ವಿದ್ಯಾರ್ಥಿಗಳಿಗೆ ಮತ್ತು ವಿನಿಮಯ ಕಾರ್ಯಕ್ರಮದಲ್ಲಿ ಬಂದವರಿಗೆ. ಹಾಗಾದರೆ ಮೆಕ್ಸಿಕೊಗೆ ಸೇರಿದ ಕೊಸುಮೆಲ್ ದ್ವೀಪಕ್ಕೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಹಿಂತಿರುಗುವ ನಿಯಮದ ಮಟ್ಟಿಗೆ ಅದು ಸರಿ. ಆದರೆ ಅಮೆರಿಕದ ಮುದ್ರೆ ಚಾಲ್ತಿಯಲ್ಲಿ ಇಲ್ಲದ ಭಾರತೀಯರಿಗೆ ಮೆಕ್ಸಿಕೊ ತನ್ನದೇ ವೀಸಾ ಕೇಳುತ್ತದೆ.

ಮುದ್ರೆ ಮುಗಿದಿರುವವರಿಗೆ ನೆಮ್ಮದಿಯ ದಾರಿ ಎಂದರೆ ಪೋರ್ಟೊ ರಿಕೊ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳು. ಅಮೆರಿಕದ ಮುಖ್ಯ ಭೂಮಿಯಿಂದ ನೇರವಾಗಿ ಅಲ್ಲಿಗೆ ಹಾರಿದರೆ ನೀವು ದೇಶ ಬಿಟ್ಟಂತಾಗುವುದಿಲ್ಲ. ಆದರೂ ವರ್ಜಿನ್ ದ್ವೀಪಗಳಿಂದ ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆ ಇರುತ್ತದೆ. ಪಾಸ್‌ಪೋರ್ಟು, ಐ-94, ಐ-797 ಅನುಮೋದನೆ ಪತ್ರ ಇವು ಕೈಚೀಲದಲ್ಲಿರಲಿ. ಅಲ್ಲಿ ಇನ್ನೊಂದು ಹಳ್ಳವಿದೆ. ಅಮೆರಿಕದ ವರ್ಜಿನ್ ದ್ವೀಪಗಳಾದ ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್‌ನಿಂದ ದೋಣಿಯಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಒಂದು ದಿನದ ವಿಹಾರವನ್ನು ಬಹಳ ಆಕರ್ಷಕವಾಗಿ ಮಾರುತ್ತಾರೆ. ಕಣ್ಣಿಗೆ ಕಾಣುವಷ್ಟು ಹತ್ತಿರದ ದ್ವೀಪವಾದರೂ ಅದು ಬೇರೆ ದೇಶದ ಆಡಳಿತದಲ್ಲಿದೆ. ಆ ದೋಣಿ ಹತ್ತಿದರೆ ನೀವು ಅಮೆರಿಕ ಬಿಟ್ಟಿರಿ ಎಂದೇ ಲೆಕ್ಕ.

*ಭಾರತದಿಂದ ಹೊರಡುವವರಿಗೆ.* ಗಮ್ಯಸ್ಥಾನಕ್ಕೆ ವೀಸಾ ಬೇಡವಾದರೂ ನಡುದಾರಿಗೆ ಬೇಕಾಗಬಹುದು. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಲಂಡನ್ ಮೂಲಕ ಹೋಗುವುದಾದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ, ಅಂದರೆ ವಿಮಾನ ಬದಲಿಸಲೆಂದೇ ಕೊಡುವ ಅನುಮತಿ, ಭಾರತೀಯ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಅಗತ್ಯ. ಬೆಂಗಳೂರಿನ ವಿಮಾನ ಹೀಥ್ರೋದಲ್ಲಿ ಇಳಿಯುತ್ತದೆ, ಕೆರಿಬಿಯನ್ ವಿಮಾನಗಳಲ್ಲಿ ಹಲವು ಗ್ಯಾಟ್ವಿಕ್‌ನಿಂದ ಹೊರಡುತ್ತವೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬ್ರಿಟನ್ನಿನ ಗಡಿಯನ್ನು ದಾಟಲೇಬೇಕು. ಅದಕ್ಕೆ ಬೇಕಾದ ವೀಸಾದ ಬಗೆಯೇ ಬೇರೆ. ಅಗ್ಗದ ಟಿಕೆಟ್ಟು ಕಂಡಾಗ ಮೊದಲು ನೋಡಬೇಕಾದದ್ದು ಎರಡೂ ವಿಮಾನಗಳು ಒಂದೇ ನಿಲ್ದಾಣದಲ್ಲಿವೆಯೇ ಎಂಬುದನ್ನು.

ಹಂತ 2: ಯಾವ ತಿಂಗಳು

ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಒಣ ಹವೆ, ಹಿತವಾದ ಬಿಸಿಲು, ಜೊತೆಗೆ ವರ್ಷದಲ್ಲೇ ಅತಿ ಹೆಚ್ಚಿನ ದರ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲೂ ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ಎರಡು ತಿಂಗಳು ಅಪಾಯ ಹೆಚ್ಚು. ದರವೂ ಹವೆಯೂ ಒಟ್ಟಿಗೆ ಅನುಕೂಲವಾಗುವುದು ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ, ಮತ್ತೆ ಡಿಸೆಂಬರ್ ಮೊದಲ ಎರಡು ವಾರ. ನಿಮ್ಮ ರಜೆ ಇದರೊಳಗೆ ಬರುವಂತಿದ್ದರೆ ಅದನ್ನೇ ಹಿಡಿಯಿರಿ.

ಜುಲೈ ಅಥವಾ ಆಗಸ್ಟಿನಲ್ಲೇ ಹೋಗಬೇಕಾದರೆ ದಕ್ಷಿಣಕ್ಕೆ ಇಳಿಯಿರಿ. ವೆನೆಜುವೆಲಾದ ಕರಾವಳಿಗೆ ಹತ್ತಿರವಿರುವ ಅರೂಬಾ, ಬೊನೇರ್, ಕ್ಯುರಸಾವ್ ದ್ವೀಪಗಳು ಚಂಡಮಾರುತಗಳ ಸಾಮಾನ್ಯ ಹಾದಿಯಿಂದ ಹೊರಗಿವೆ. ಮೂರೂ ಒಣ ಪ್ರದೇಶಗಳು, ಕಳ್ಳಿ ಬೆಳೆಯುವ ನೆಲ. ಹಸಿರು ಬೆಟ್ಟಗಳನ್ನು ನಿರೀಕ್ಷಿಸುವವರಿಗೆ ನಿರಾಶೆಯಾದೀತು. ಟ್ರಿನಿಡಾಡ್ ಮತ್ತು ಟೊಬೇಗೊಗೂ ಹೊಡೆತ ಬೀಳುವುದು ವಿರಳ. ‘ಹೊರಗಿದೆ’ ಎಂಬುದನ್ನು ಮಾತ್ರ ಖಾತರಿ ಎಂದು ಓದಬೇಡಿ. ಗ್ರೆನಡಾವನ್ನು ಬಹುಕಾಲ ಸುರಕ್ಷಿತ ಎಂದೇ ಎಣಿಸುತ್ತಿದ್ದರು. 2004ರಲ್ಲಿ ಐವನ್ ಚಂಡಮಾರುತ ಆ ದ್ವೀಪವನ್ನು ನೆಲಸಮ ಮಾಡಿದಂತೆ ಬಡಿಯಿತು, 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಾಕು ದ್ವೀಪದ ಮೇಲೆ ಹಾದುಹೋಯಿತು. ಆ ಬೆರಿಲ್ ನಮ್ಮವರಿಗೆ ಬೇರೆ ಕಾರಣಕ್ಕೆ ನೆನಪಿದೆ: ಜೂನ್ 29ರಂದು ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ, ಕೋಚ್ ರಾಹುಲ್ ದ್ರಾವಿಡ್ ಸಮೇತ, ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಬಾರ್ಬಡೋಸ್‌ನಲ್ಲೇ ಉಳಿದು, ಜುಲೈ 4ರಂದು ವಿಶೇಷ ವಿಮಾನದಲ್ಲಿ ದೆಹಲಿ ತಲುಪಿತು. ವಿಶ್ವಕಪ್ ತಂಡಕ್ಕೆ ವಿಶೇಷ ವಿಮಾನ ಬರುತ್ತದೆ, ನಿಮಗೆ ಬರುವುದಿಲ್ಲ.

ದೊಡ್ಡ ಹೊಡೆತ ತಿಂದ ದ್ವೀಪದಲ್ಲಿ ಎಲ್ಲ ಹೋಟೆಲುಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಐದನೆಯ ಶ್ರೇಣಿಯ, ಅಂದರೆ ಅಳತೆಯಲ್ಲಿ ಅತಿ ತೀವ್ರವಾದ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನು ಅಪ್ಪಳಿಸಿತು. ಜಮೈಕಾವನ್ನು ಬಿಟ್ಟುಬಿಡಿ ಎಂದು ಇದರ ಅರ್ಥವಲ್ಲ, ಅಲ್ಲಿಗೆ ಪ್ರವಾಸಿಗಳು ಹೋಗುವುದೇ ದೊಡ್ಡ ನೆರವು. ಆದರೆ ಚಂಡಮಾರುತಕ್ಕೆ ಹಿಂದಿನ ಚಿತ್ರ, ವಿಮರ್ಶೆಗಳನ್ನು ನಂಬದೆ, ಇತ್ತೀಚಿನ ತಿಂಗಳುಗಳಲ್ಲಿ ಉಳಿದು ಬಂದವರು ಬರೆದದ್ದನ್ನೇ ಓದಿ.

ಹಂತ 3: ತೀರದ ದಿಕ್ಕು

ಹೆಚ್ಚಿನವರು ಈ ಹಂತವನ್ನೇ ಮಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಯಾವ ದ್ವೀಪ ಎನ್ನುವುದಕ್ಕಿಂತ ಆ ದ್ವೀಪದ ಯಾವ ಬದಿ ಎನ್ನುವುದೇ ನಿಮ್ಮ ವಾರವನ್ನು ಹೆಚ್ಚು ನಿರ್ಧರಿಸುತ್ತದೆ.

ಕೆರಿಬಿಯನ್‌ನಲ್ಲಿ ವರ್ಷದ ಬಹುಭಾಗ ವಾಣಿಜ್ಯ ಮಾರುತಗಳು ಪೂರ್ವದಿಂದ, ಈಶಾನ್ಯದಿಂದ ಬೀಸುತ್ತವೆ. ಹಾಗಾಗಿ ಪೂರ್ವ ತೀರ ಗಾಳಿಮುಖ. ಅಲ್ಲಿ ಅಟ್ಲಾಂಟಿಕ್‌ನ ದೊಡ್ಡ ಅಲೆಗಳು ನೇರವಾಗಿ ಬಡಿಯುತ್ತವೆ. ಪಶ್ಚಿಮ ತೀರ ಗಾಳಿಮರೆ, ನೀರು ಶಾಂತ. ಮುಂಗಾರಿನಲ್ಲಿ ನೈಋತ್ಯದ ಗಾಳಿಗೆ ಎದೆಯೊಡ್ಡುವ ಉಳ್ಳಾಲ, ಮರವಂತೆಗಳನ್ನು ಕಂಡವರು ಪಶ್ಚಿಮ ಕರಾವಳಿಯೆಂದರೆ ಒರಟು ಕಡಲು ಎಂದೇ ತಿಳಿದಿರುತ್ತಾರೆ. ಇಲ್ಲಿ ಅದು ತಿರುವುಮುರುವು. ಬಾರ್ಬಡೋಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಶ್ಚಿಮದಲ್ಲಿ ಹೋಲ್‌ಟೌನ್ ಸುತ್ತ ಕೊಳದಂಥ ನೀರು, ನೈಋತ್ಯದ ಕಾರ್ಲೈಲ್ ಕೊಲ್ಲಿಯಲ್ಲಿ ಕಡಲಾಮೆಗಳ ಜೊತೆ ಈಜಬಹುದು. ಪೂರ್ವದ ಬಾತ್‌ಶೀಬಾದಲ್ಲಿ ಅಲೆಸವಾರಿ ಮಾಡುವವರ ಸ್ವರ್ಗವಿದೆ, ಈಜು ಬಾರದವರು ಅಲ್ಲಿ ದಡದಲ್ಲೇ ಇರಬೇಕು. ಒಂದು ಬದಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಬೇಡ.

ದಿಕ್ಕು ಮುಖ್ಯವಾಗಲು ಎರಡನೆಯ ಕಾರಣ ಸರ್ಗಾಸಮ್. ಇದು ತೇಲುವ ಕಂದು ಕಡಲಕಳೆ. 2011ರಿಂದ ಈಚೆಗೆ ಅಟ್ಲಾಂಟಿಕ್ ದಾಟಿ ರಾಶಿರಾಶಿಯಾಗಿ ಬಂದು, ಮುಖ್ಯವಾಗಿ ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ತೀರಕ್ಕೆ ಬೀಳುತ್ತಿದೆ. ದಡದಲ್ಲಿ ಕೊಳೆತಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಈಜುವುದಿರಲಿ ಬಾಲ್ಕನಿಯಲ್ಲಿ ಕೂರುವುದೂ ಕಷ್ಟ. ಇದು ಹೆಚ್ಚಾಗಿ ಸೇರುವುದು ಪೂರ್ವ ಮತ್ತು ಆಗ್ನೇಯ ದಿಕ್ಕಿಗೆ ಮುಖಮಾಡಿದ ತೀರಗಳಿಗೆ. ಪುಂಟಾ ಕಾನಾ ಅಂಥ ಒಂದು ತೀರ. ಮಾರ್ಚಿನಿಂದ ಸೆಪ್ಟೆಂಬರ್ ನಡುವೆ ಹೋಗುವುದಾದರೆ ಪಶ್ಚಿಮಕ್ಕೆ ಮುಖಮಾಡಿದ ಬೀಚನ್ನೇ ಆರಿಸಿ. ಹೋಟೆಲಿನ ಜಾಹೀರಾತು ಇದನ್ನು ಎಂದಿಗೂ ಹೇಳುವುದಿಲ್ಲ. ನಕ್ಷೆಯಲ್ಲಿ ಹೋಟೆಲನ್ನು ಗುರುತಿಸಿ ಅದರ ಮುಂದಿನ ಕಡಲು ಯಾವ ದಿಕ್ಕಿನಲ್ಲಿದೆ ಎಂದು ನೀವೇ ನೋಡಬೇಕು. ಚಳಿಗಾಲದಲ್ಲಿ ಉತ್ತರಕ್ಕೆ ಮುಖಮಾಡಿದ ತೀರಗಳಿಗೆ ಉತ್ತರ ಅಟ್ಲಾಂಟಿಕ್‌ನಿಂದ ದೊಡ್ಡ ಅಲೆಗಳು ಬರುತ್ತವೆ ಎಂಬುದನ್ನೂ ಗಮನದಲ್ಲಿಡಿ.

ಮರಳಿನ ಬಣ್ಣಕ್ಕೂ ಒಂದು ಸರಳ ಸೂತ್ರವಿದೆ. ಬಾರ್ಬಡೋಸ್, ಆಂಗ್ವಿಲಾದಂಥ ತಗ್ಗಾದ, ಹವಳದ ಸುಣ್ಣಕಲ್ಲಿನ ದ್ವೀಪಗಳಲ್ಲಿ ಮರಳು ಬಿಳಿ. ಸೇಂಟ್ ಲೂಸಿಯಾ, ಡೊಮಿನಿಕಾದಂಥ ಎತ್ತರದ ಜ್ವಾಲಾಮುಖಿ ದ್ವೀಪಗಳಲ್ಲಿ ಬೆಟ್ಟಗಳು ಹಸಿರು, ಮಳೆ ಹೆಚ್ಚು, ಮರಳು ಬಹುಕಡೆ ಬೂದು ಅಥವಾ ಕಪ್ಪು. ಅಪವಾದಗಳಿವೆ. ಗ್ರೆನಡಾ ಜ್ವಾಲಾಮುಖಿ ದ್ವೀಪವಾದರೂ ಅದರ ಗ್ರಾಂಡ್ ಆನ್ಸ್ ಬೀಚು ಸುಮಾರು 3 ಕಿಲೋಮೀಟರ್ ಉದ್ದದ ಬಿಳಿ ಮರಳು, ಅದೂ ಗಾಳಿಮರೆಯ ಬದಿಯಲ್ಲಿ.

ಹಂತ 4: ಈಗ ದ್ವೀಪ

ಬೇರೆ ಬೇರೆ ಕುಳಿತು ಬರೆದ ಎರಡು ಹಾಳೆಗಳನ್ನು ಈಗ ಹೊರತೆಗೆಯಿರಿ.

ಇಬ್ಬರೂ ಬರೆದದ್ದು ‘ಏನೂ ಮಾಡದೆ ಮಲಗಿರಬೇಕು’ ಎಂದಾದರೆ ಅರೂಬಾದ ಈಗಲ್ ಬೀಚು, ಗ್ರೆನಡಾದ ಗ್ರಾಂಡ್ ಆನ್ಸ್, ಜಮೈಕಾದ ನೆಗ್ರಿಲ್ ಇವುಗಳಲ್ಲಿ ಮೊದಲ ಮೂರು ಹಂತಗಳು ಒಪ್ಪಿದ್ದನ್ನು ತೆಗೆದುಕೊಳ್ಳಿ. ಅರೂಬಾದಲ್ಲಿ ಗಾಳಿ ಸದಾ ಬೀಸುತ್ತಿರುತ್ತದೆ. ಸೆಕೆ ತಿಳಿಯದೆ ಚರ್ಮ ಸುಡುತ್ತದೆ.

ಒಬ್ಬರಿಗೆ ಕಡಲು, ಇನ್ನೊಬ್ಬರಿಗೆ ಚಾರಣ ಬೇಕಾದರೆ ಸೇಂಟ್ ಲೂಸಿಯಾಕ್ಕೆ ಸಾಟಿಯಿಲ್ಲ. ಕಡಲಿನಿಂದಲೇ ಎದ್ದುನಿಂತಂತಿರುವ ಗ್ರೋ ಪಿಟಾನ್ ಮತ್ತು ಪೆಟಿ ಪಿಟಾನ್ ಎಂಬ ಎರಡು ಶಿಖರಗಳಿರುವ ಪ್ರದೇಶವನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೋ ಪಿಟಾನನ್ನು ಮಾರ್ಗದರ್ಶಕರ ಜೊತೆ ಹತ್ತಬಹುದು. ಇಲ್ಲಿ ಜನ ಎಡವುವುದು ಭೂಗೋಳದಲ್ಲಿ: ದೊಡ್ಡ ವಿಮಾನಗಳು ಇಳಿಯುವ ಹ್ಯೂವನೊರಾ ನಿಲ್ದಾಣ ದಕ್ಷಿಣ ತುದಿಯಲ್ಲಿದೆ, ಹೋಟೆಲುಗಳು ಹೆಚ್ಚಾಗಿರುವ ರಾಡ್ನಿ ಕೊಲ್ಲಿ ಉತ್ತರದಲ್ಲಿ. ನಡುವೆ ಅಂಕುಡೊಂಕಾದ ರಸ್ತೆಯಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಘಾಟಿ ರಸ್ತೆಯಲ್ಲಿ ಹೊಟ್ಟೆ ತೊಳೆಸುವವರು ಮಾತ್ರೆ ಇಟ್ಟುಕೊಳ್ಳಿ.

ನೀರೊಳಗಿನ ಲೋಕ ನೋಡಬೇಕೆನ್ನುವವರಿಗೆ ಬೊನೇರ್. ಅಲ್ಲಿ ದೋಣಿಯ ಹಂಗಿಲ್ಲದೆ ದಡದಿಂದಲೇ ನಡೆದು ಹವಳದ ದಿಬ್ಬಗಳನ್ನು ತಲುಪಬಹುದು. ಸ್ನಾರ್ಕಲಿಂಗ್, ಅಂದರೆ ಮುಖವಾಡ ಮತ್ತು ಉಸಿರುಕೊಳವೆ ಹಾಕಿಕೊಂಡು ಮೇಲ್ಮೈಯಲ್ಲಿ ತೇಲುತ್ತ ಕೆಳಗೆ ನೋಡುವುದು, ಕಲಿಯಲು ಅರ್ಧ ದಿನ ಸಾಕು. ಆದರೆ ಮಲಗಲು ಮರಳಿನ ಹಾಸು ಹುಡುಕುವವರಿಗೆ ಬೊನೇರ್ ತಕ್ಕುದಲ್ಲ. ಎರಡೂ ಬೇಕಾದವರು ಪಕ್ಕದ ಕ್ಯುರಸಾವ್‌ಗೆ ಹೋಗಲಿ. ಗ್ರೋಟೆ ಕ್ನಿಪ್‌ನಂಥ ಪುಟ್ಟ ಕೊಲ್ಲಿಗಳಿವೆ, ಸಂಜೆ ಸುತ್ತಾಡಲು ವಿಲೆಮ್‌ಸ್ಟಾಡ್ ಎಂಬ ಬಣ್ಣಬಣ್ಣದ ಹಳೆಯ ಪಟ್ಟಣವಿದೆ. ಈಜು ಬಾರದವರಿಗೆ ಟೊಬೇಗೊದ ನೈಲಾನ್ ಪೂಲ್ ಚೆನ್ನ. ತೀರದಿಂದ ದೂರ, ಕಡಲ ನಡುವೆಯೇ ಸೊಂಟದ ಮಟ್ಟದ ತಿಳಿನೀರು.

ಆಯ್ಕೆ ಮಾಡಲು ಇನ್ನೂ ಆಗದಿದ್ದರೆ ನನ್ನ ಉತ್ತರ ಹೀಗಿದೆ. ಭಾರತದಿಂದ ಮೊದಲ ಬಾರಿ ಹೋಗುವವರಿಗೆ ಬಾರ್ಬಡೋಸ್: ವೀಸಾ ಬೇಡ, ಬಿಳಿ ಮರಳು, ಶಾಂತ ಪಶ್ಚಿಮ ತೀರ, ಓಡಾಡಲು ಬಸ್ಸು, ಕೆನ್ಸಿಂಗ್‌ಟನ್ ಓವಲ್ ಕ್ರಿಕೆಟ್ ಮೈದಾನ ನೋಡುವ ಸುಖ ಬೇರೆ. ಅಮೆರಿಕದ ಚಾಲ್ತಿ ಮುದ್ರೆ ಇದ್ದು ಜುಲೈ, ಆಗಸ್ಟಿನಲ್ಲಿ ಹೋಗುವವರಿಗೆ ಕ್ಯುರಸಾವ್. ಮುದ್ರೆ ಮುಗಿದಿರುವವರಿಗೆ ಸೇಂಟ್ ಜಾನ್. ದ್ವೀಪದ ಅರ್ಧಕ್ಕಿಂತ ಹೆಚ್ಚು ರಾಷ್ಟ್ರೀಯ ಉದ್ಯಾನ, ಟ್ರಂಕ್ ಕೊಲ್ಲಿಯಂಥ ಬೀಚು ಅಮೆರಿಕದ ಧ್ವಜದಡಿ ಇನ್ನೊಂದು ಸಿಗುವುದು ಕಷ್ಟ. ಡೊಮಿನಿಕಾ ಅಪೂರ್ವ ದ್ವೀಪವೇ, ಆದರೆ ಬೀಚಿಗಾಗಿ ಅಲ್ಲ.

ಒಂದು ವಾರಕ್ಕೆ ಒಂದೇ ದ್ವೀಪ. ನಕ್ಷೆಯಲ್ಲಿ ಬೆರಳಗಲ ದೂರ ಕಂಡರೂ ದ್ವೀಪಗಳ ನಡುವಿನ ಚಿಕ್ಕ ವಿಮಾನಗಳು ದುಬಾರಿ, ತಡವಾಗುವುದು ಮಾಮೂಲು, ಸಾಮಾನಿನ ತೂಕದ ಮಿತಿಯೂ ಕಡಿಮೆ.

ಹಂತ 5: ದುಡ್ಡಿನ ಲೆಕ್ಕ

ಡಾಲರ್ ಎಂದ ಕೂಡಲೇ ಅಮೆರಿಕದ ಡಾಲರ್ ಎಂದು ತಿಳಿಯಬೇಡಿ. ಗ್ರೆನಡಾ, ಸೇಂಟ್ ಲೂಸಿಯಾ, ಆಂಟಿಗುವಾ ಮುಂತಾದ ದೇಶಗಳು ಬಳಸುವ ಪೂರ್ವ ಕೆರಿಬಿಯನ್ ಡಾಲರನ್ನು 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ನಿಗದಿ ಮಾಡಲಾಗಿದೆ. ಬಾರ್ಬಡೋಸ್ ಡಾಲರು ಎರಡಕ್ಕೆ ಒಂದು. ಟ್ಯಾಕ್ಸಿಯವರು 60 ಡಾಲರ್ ಎಂದರೆ ಸೇಂಟ್ ಲೂಸಿಯಾದಲ್ಲಿ ಅದು 60 ಅಮೆರಿಕನ್ ಡಾಲರೂ ಆಗಬಹುದು, ಸುಮಾರು 22 ಕೂಡ ಆಗಬಹುದು. ಬಹಳ ಕಡೆ ಟ್ಯಾಕ್ಸಿಗೆ ಮೀಟರಿಲ್ಲ, ಊರಿಂದ ಊರಿಗೆ ನಿಗದಿತ ದರ; ಹತ್ತುವ ಮೊದಲೇ ಮೊತ್ತವನ್ನೂ ಯಾವ ಡಾಲರು ಎಂಬುದನ್ನೂ ಕೇಳಿ.

ಹೋಟೆಲುಗಳಲ್ಲಿ ‘ಆಲ್ ಇನ್‌ಕ್ಲೂಸಿವ್’ ಎಂಬ ಪದ್ಧತಿಯಿದೆ. ಕೊಠಡಿ, ಊಟ, ಪಾನೀಯ, ಕೆಲವು ಆಟಗಳು ಎಲ್ಲ ಸೇರಿ ಒಂದೇ ದರ. ಇದರಲ್ಲಿ ಮದ್ಯ ಮತ್ತು ಮಾಂಸ, ಮೀನಿನೂಟದ ವೆಚ್ಚವೇ ದೊಡ್ಡದು. ಇಬ್ಬರೂ ಸಸ್ಯಾಹಾರಿಗಳಾಗಿ, ಕುಡಿಯದವರೂ ಆಗಿದ್ದರೆ ನೀವು ಪಕ್ಕದ ಮೇಜಿನವರ ಬಿಲ್ಲು ಕಟ್ಟುತ್ತಿದ್ದೀರಿ ಎಂದೇ ಅರ್ಥ. ಅಂಥವರಿಗೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟು ಮತ್ತು ನಾಲ್ಕಾರು ದಿನಕ್ಕೆ ಬಾಡಿಗೆ ಕಾರು ಒಳ್ಳೆಯದು. ಕೊಠಡಿಯ ದರಕ್ಕೆ ತೆರಿಗೆ ಮತ್ತು ಸೇವಾ ಶುಲ್ಕ ಸೇರಿದೆಯೇ ಎಂದು ನೋಡದೆ ಹೋಟೆಲುಗಳನ್ನು ಹೋಲಿಸಬೇಡಿ. ‘ಅಡಲ್ಟ್ಸ್ ಓನ್ಲಿ’ ಎಂದರೆ ಮಕ್ಕಳಿಗೆ ಪ್ರವೇಶವಿಲ್ಲದ ಹೋಟೆಲು ಎಂದಷ್ಟೇ ಅರ್ಥ, ಗಾಬರಿ ಬೇಡ.

ಬಾರ್ಬಡೋಸ್, ಜಮೈಕಾ, ಗ್ರೆನಡಾ, ಸೇಂಟ್ ಲೂಸಿಯಾ, ಆಂಟಿಗುವಾದಲ್ಲಿ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿ ಕಾರು ಓಡಿಸುತ್ತಾರೆ. ಅರೂಬಾ, ಕ್ಯುರಸಾವ್, ಪೋರ್ಟೊ ರಿಕೊದಲ್ಲಿ ಬಲಬದಿ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಮಾತ್ರ ವಿಚಿತ್ರ: ರಸ್ತೆಯ ಎಡಬದಿ, ಆದರೆ ಸ್ಟೀರಿಂಗ್ ಕೂಡ ಎಡಕ್ಕೇ ಇರುವ ಅಮೆರಿಕನ್ ಕಾರು. ಕೆಲವು ದ್ವೀಪಗಳಲ್ಲಿ ಸ್ಥಳೀಯ ತಾತ್ಕಾಲಿಕ ಪರವಾನಗಿಗೆ ಸಣ್ಣ ಶುಲ್ಕ ಕಟ್ಟಬೇಕು. ಬಾಡಿಗೆ ಸಂಸ್ಥೆಯವರೇ ಮಾಡಿಕೊಡುತ್ತಾರೆ.

ಹಂತ 6: ಊಟ

ಸಸ್ಯಾಹಾರಿಗಳು ಹೆದರಬೇಕಾದಷ್ಟೇನೂ ಇಲ್ಲ, ಆದರೆ ಎಚ್ಚರ ಬೇಕು. 1845ರಲ್ಲಿ ಫತೆಲ್ ರಜಾಕ್ ಎಂಬ ಹಡಗು ಭಾರತದ ಮೊದಲ ಕೂಲಿಯಾಳುಗಳನ್ನು ಟ್ರಿನಿಡಾಡಿಗೆ ತಂದಿಳಿಸಿತು. ಅವರ ವಂಶಸ್ಥರು ಇಂದು ಆ ದೇಶದ ಜನಸಂಖ್ಯೆಯಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು. ಹಾಗಾಗಿ ಅಲ್ಲಿ ರಸ್ತೆಬದಿಯಲ್ಲೇ ‘ಡಬಲ್ಸ್’ ಸಿಗುತ್ತದೆ: ಬರಾ ಎಂಬ ಎರಡು ಮೆತ್ತಗಿನ ಕರಿದ ರೊಟ್ಟಿಗಳ ನಡುವೆ ಕಡಲೆಯ ಪಲ್ಯ. ದಾಲ್‌ಪುರಿಯ ರೊಟ್ಟಿಯೂ ಸಿಗುತ್ತದೆ. ಟ್ರಿನಿಡಾಡಿನ ರೊಟ್ಟಿ ಅಂಗಡಿಗಳು ಬಾರ್ಬಡೋಸ್, ಗ್ರೆನಡಾಗಳಿಗೂ ಹಬ್ಬಿವೆ. ಜಮೈಕಾದಲ್ಲಿ ‘ಐಟಲ್’ ಎಂದು ಕೇಳಿ. ಅದು ರಾಸ್ತಫಾರಿ ಪಂಥದವರ ಮಾಂಸವಿಲ್ಲದ ಅಡುಗೆ.

ಎಚ್ಚರ ಬೇಕಾದದ್ದು ಹೆಸರಿನಲ್ಲಿ ಸೊಪ್ಪು, ಕಾಳು ಇರುವ ತಿನಿಸುಗಳಲ್ಲಿ. ಕಲಲೂ ಎಂಬ ಸೊಪ್ಪಿನ ಸಾರಿಗೆ ಏಡಿ ಅಥವಾ ಹಂದಿಯ ಬಾಲ ಹಾಕುವುದುಂಟು. ಕಾಳು ಹಾಕಿದ ಅನ್ನಕ್ಕೂ ಉಪ್ಪುಮಾಂಸ ಬೀಳುವುದುಂಟು. ‘ಸಸ್ಯಾಹಾರಿ’ ಎಂದಷ್ಟೇ ಹೇಳದೆ ಮಾಂಸ, ಮೀನು, ಕೋಳಿ ಯಾವುದೂ ಬೇಡವೆಂದು ಬಿಡಿಸಿ ಹೇಳಿ. ಮೀನು ತಿನ್ನುವ ಕರಾವಳಿಯವರಿಗೆ ಈ ಹಂತವೇ ಬೇಡ: ಬಾರ್ಬಡೋಸ್‌ನ ಆಯಿಸ್ಟಿನ್ಸ್ ಎಂಬ ಮೀನುಗಾರರ ಊರಿಗೆ ಶುಕ್ರವಾರ ರಾತ್ರಿ ಹೋದರೆ ಸಾಕು.

ಹಂತ 7: ಕಾಯ್ದಿರಿಸುವುದು ಮತ್ತು ಹೊರಡುವುದು

ಮೊದಲು ರದ್ದು ಮಾಡಬಹುದಾದ ಹೋಟೆಲು, ಆಮೇಲೆ ವಿಮಾನ, ಅದೇ ದಿನ ವಿಮೆ. ವಿಮೆಯನ್ನು ತಡಮಾಡುವುದು ದೊಡ್ಡ ತಪ್ಪು. ಚಂಡಮಾರುತವೊಂದಕ್ಕೆ ಹೆಸರು ಇಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದಿಂದಾದ ನಷ್ಟವನ್ನು ಭರಿಸುವುದಿಲ್ಲ. ಸಣ್ಣ ದ್ವೀಪಗಳಿಂದ ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂದೂ ನೋಡಿ.

ಹಲವು ದೇಶಗಳು ಪ್ರಯಾಣಕ್ಕೆ ಮುಂಚೆ ಅಂತರ್ಜಾಲದಲ್ಲಿ ಪ್ರವೇಶ ಅರ್ಜಿ ತುಂಬಲು ಹೇಳುತ್ತವೆ. ಡೊಮಿನಿಕನ್ ರಿಪಬ್ಲಿಕ್‌ನಂಥ ಕಡೆ ಅದು ಉಚಿತ. ಹುಡುಕಿದಾಗ ಮೇಲೆ ಕಾಣುವ ನಕಲಿ ತಾಣಗಳು ಅದಕ್ಕೇ ಹಣ ಕೀಳುತ್ತವೆ. ಅರೂಬಾದಿಂದ ಅಮೆರಿಕಕ್ಕೆ ಹಿಂತಿರುಗುವವರ ವಲಸೆ ತಪಾಸಣೆ ಅರೂಬಾದಲ್ಲೇ ಮುಗಿಯುತ್ತದೆ, ಸಾಲು ಉದ್ದ. ಮೂರು ಗಂಟೆ ಮುಂಚೆ ಅಲ್ಲಿರಿ.

ಪೆಟ್ಟಿಗೆ ಕಟ್ಟುವಾಗ ಸೈನಿಕರ ಉಡುಪಿನಂಥ ಹಸಿರು-ಕಂದು ಚುಕ್ಕೆಗಳ ಬಟ್ಟೆ, ಟೋಪಿ, ಚೀಲ ಯಾವುದನ್ನೂ ಇಡಬೇಡಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್, ಸೇಂಟ್ ಲೂಸಿಯಾ, ಗ್ರೆನಡಾಗಳಲ್ಲಿ ನಾಗರಿಕರು ಅದನ್ನು ಧರಿಸುವುದು ಕಾನೂನುಬಾಹಿರ. ಸನ್‌ಸ್ಕ್ರೀನ್ ಕೊಳ್ಳುವಾಗ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇಲ್ಲದ್ದನ್ನೇ ಕೊಳ್ಳಿ. ಹವಳಕ್ಕೆ ಹಾನಿಯೆಂದು ಅಮೆರಿಕದ ವರ್ಜಿನ್ ದ್ವೀಪಗಳೂ ಅರೂಬಾವೂ ಅದನ್ನು ನಿಷೇಧಿಸಿವೆ. ಬೀಚಿನಲ್ಲಿ ಹಸಿರು ಸೇಬಿನಂಥ ಪುಟ್ಟ ಕಾಯಿ ಬಿಡುವ ಮ್ಯಾಂಚಿನೀಲ್ ಮರದ ಪರಿಚಯ ಮಾಡಿಕೊಳ್ಳಿ. ಅದರ ಕಾಯಿ, ಹಾಲು ಎರಡೂ ವಿಷ. ಮಳೆ ಬಂದಾಗ ಅದರಡಿ ನಿಂತರೆ ತೊಟ್ಟಿಕ್ಕುವ ನೀರಿನಿಂದಲೇ ಚರ್ಮ ಬೊಬ್ಬೆಯೇಳುತ್ತದೆ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆಯೂ ಅಲ್ಲ.

ಕೊನೆಯದಾಗಿ, ಭಾರತಕ್ಕೆ ಹಿಂತಿರುಗುವವರಿಗೆ ಒಂದು ಮಾತು. ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅಲ್ಲಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇಳಿದೊಡನೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಟೊಬೇಗೊಗೆ ಮಾತ್ರ ಹೋಗುವವರೂ ಬಹುತೇಕ ಟ್ರಿನಿಡಾಡ್ ಮೂಲಕವೇ ಹೋಗಬೇಕಾಗುವುದರಿಂದ ಇದು ಅವರಿಗೂ ಅನ್ವಯಿಸುತ್ತದೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುತ್ತದೆ, ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ, ಅಲ್ಲಿ ದಿನ ಗೊತ್ತುಪಡಿಸಿಕೊಳ್ಳಲೂ ಸಮಯ ಹಿಡಿಯುತ್ತದೆ. ಟಿಕೆಟ್ಟು ಕೊಂಡ ವಾರದಲ್ಲೇ ಅದನ್ನು ಮುಗಿಸಿ.